ರ‍್ಯಾಕ್1 ಕೆಲಸಕ್ಕೆ ಯೀಸ್ಟೋ, ಹೆಕ್ ಸೆಲ್ಲೋ? ಮಾಡಿದವರು ಹೇಳಿ

ಪ್ರಶ್ನೆ, ಕಲಬುರಗಿ: ರ‍್ಯಾಕ್1 ಅನ್ನೋ ಪ್ರೋಟೀನು ಪಿಕೆಸಿಯನ್ನು (ಬೇರೆ ಪ್ರೋಟೀನಿಗೆ ಫಾಸ್ಫೇಟ್ ಹಚ್ಚೋ ಕಿಣ್ವ) ಪ್ರೋಟೀನ್ ಕಟ್ಟುವ ರೈಬೋಸೋಮಿಗೆ ತಂದು ಕೂರಿಸುತ್ತಲ್ಲ, ಪಿಎಚ್‌ಡಿಗೆ ಅದೇ ವಿಷಯ. ಯೀಸ್ಟ್ ಹಿಡಿಯಲೋ, ಹೆಕ್293 (ಲ್ಯಾಬ್‌ನಲ್ಲಿ ಬೆಳೆಸುವ ಮನುಷ್ಯನ ಕೋಶ) ಹಿಡಿಯಲೋ? ಫೆಲೋಶಿಪ್ ದುಡ್ಡು ಕಡಿಮೆ.

ಬೀದರ್‌ನವ: ನಾನು ಹೆಕ್ ಹಿಡಿದವ. ಫಾಸ್ಫೋ ಎಸ್6 (ಫಾಸ್ಫೇಟ್ ಹತ್ತಿದ ಒಂದು ರೈಬೋಸೋಮ್ ಪ್ರೋಟೀನು) ಗುರುತಿಸೋ ಆಂಟಿಬಾಡಿಗೆ 44,000, ಮೇಲೆ ಜಿಎಸ್‌ಟಿ. ಪಾರ್ಸಲ್ ಶುಕ್ರವಾರ ಸಂಜೆ ಬಂತು, ಗೋಡೌನ್ ಬಾಗಿಲು ತೆರೆದದ್ದು ಸೋಮವಾರ. ಮೇ ತಿಂಗಳು ಬೇರೆ. ಡಬ್ಬಿ ಬಿಚ್ಚಿದರೆ ಜೆಲ್ ಪ್ಯಾಕ್ ಬೆಚ್ಚಗಿತ್ತು. ಡೀಲರ್ "ಡೆಲಿವರಿ ಆಗಿದೆ ಅಲ್ವಾ ಸರ್" ಅಂದು ಫೋನಿಟ್ಟ. ಕೋಶ ಬೆಳೆಸಲು ಬೇಕಾದ ಅರ್ಧ ಲೀಟರ್ ಸೀರಮ್‌ಗೆ 32,000 ಕೊಟ್ಟೆ. ಆಂಟಿಬಾಡಿ ಹಾಕಿ ಪ್ರೋಟೀನ್ ಪಟ್ಟೆ ನೋಡೋ ಬ್ಲಾಟ್ ಪೂರ್ತಿ ಕಪ್ಪು. ಆದರೂ ಪೇಪರ್ ಬಂತು ನೋಡಿ.

ಯಾದಗಿರಿ ಯೀಸ್ಟ್: ಕಿರಾಣಿ ಅಂಗಡಿ ಹಾಲಿನ ಪುಡಿಯಲ್ಲಿ ಬ್ಲಾಕ್ ಮಾಡಿದಿರಾ, ಅಂದರೆ ಆಂಟಿಬಾಡಿ ಎಲ್ಲೆಂದರಲ್ಲಿ ಅಂಟದ ಹಾಗೆ ಬ್ಲಾಟ್ ಮುಚ್ಚಿದಿರಾ? ಹಾಲಿನ ಕೇಸಿನ್ನೇ ಫಾಸ್ಫೇಟ್ ಇರೋ ಪ್ರೋಟೀನು. ಕಪ್ಪಾಗದೆ ಏನಾಗುತ್ತೆ? ನಾನು ಯೀಸ್ಟ್‌ನಲ್ಲಿ ಎಎಸ್‌ಸಿ1 ಜೀನ್ ತೆಗೆದೆ. ರ‍್ಯಾಕ್1ಗೆ ಯೀಸ್ಟ್‌ನಲ್ಲಿ ಸಮನಾದ ಜೀನ್ ಅದು. ಕೋಶ ನಿಧಾನಕ್ಕೆ ಬೆಳೆಯಿತು, ಸಾಯಲಿಲ್ಲ. ಇಲಿಯಲ್ಲಿ ತೆಗೆದರೆ ಭ್ರೂಣವೇ ಉಳಿಯಲ್ಲ. ಮೀಡಿಯಾ ಖರ್ಚು ಚಹಾದ ಲೆಕ್ಕ.

ಬೀದರ್‌ನವ: ಬಿಎಸ್‌ಎ (ಹಾಲಿನ ಬದಲು ಬ್ಲಾಕ್ ಮಾಡೋ ಪ್ರೋಟೀನು) ರೇಟ್ ಗೊತ್ತೇನ್ರೀ? ಹಾಲಲ್ಲೇ ಎಷ್ಟೋ ಜನ ಮಾಡ್ತಾರೆ. ನಿಮ್ಮ ಯೀಸ್ಟ್‌ನಲ್ಲಿ ಪಿಕೆಸಿ ಇರೋದೇ ಒಂದು, ಮನುಷ್ಯನಲ್ಲಿ ಹಲವು. ಅವರು ಕೇಳಿದ್ದು ಪಿಕೆಸಿ ಬಗ್ಗೆ. ಸುಮ್ನೆ ಅಗ್ಗ ಅಂತ ಹೇಳಬೇಡಿ.

ಗುಲ್ಬರ್ಗ ಗ್ರೇಡಿಯೆಂಟ್: ಇಬ್ಬರೂ ಪಾಲಿಸೋಮ್ (ಒಂದೇ ಎಂಆರ್‌ಎನ್‌ಎ ಮೇಲೆ ಸಾಲಾಗಿ ಕೂತ ರೈಬೋಸೋಮ್‌ಗಳು) ನೋಡೇ ಇಲ್ಲ. ರ‍್ಯಾಕ್1 ಕೂರೋದು ರೈಬೋಸೋಮಿನ ಚಿಕ್ಕ ಭಾಗವಾದ 40ಎಸ್ ತಲೆಯಲ್ಲಿ. ಅದು ತಂದ ಪಿಕೆಸಿ ಇಐಎಫ್6ಗೆ (ದೊಡ್ಡ ಭಾಗ 60ಎಸ್ ಹಿಡಿದಿಟ್ಟ ಪ್ರೋಟೀನು) ಫಾಸ್ಫೇಟ್ ಹಚ್ಚಿದರೆ 60ಎಸ್ ಬಿಡುಗಡೆ, ಆಮೇಲೆ ಎರಡೂ ಸೇರಿ 80ಎಸ್, ಅಂದರೆ ಪೂರ್ತಿ ರೈಬೋಸೋಮ್. 2003ರಲ್ಲೇ ಬಂದ ಮಾತು. ಬ್ಲಾಟ್‌ನಲ್ಲಿ ಇದೆಲ್ಲಿ ಕಾಣುತ್ತೆ? 10ರಿಂದ 50 ಪರ್ಸೆಂಟ್ ಸುಕ್ರೋಸ್ (ಸಕ್ಕರೆ) ದ್ರಾವಣ ಸುರಿದು, ಮೇಲೆ ಕೋಶದ ರಸ ಹಾಕಿ ಜೋರಾಗಿ ತಿರುಗಿಸಬೇಕು. ನಮ್ಮಲ್ಲಿ ಅಲ್ಟ್ರಾಸೆಂಟ್ರಿಫ್ಯೂಜ್ ಕೆಟ್ಟು ಕೂತಿತ್ತು. ಥರ್ಮಾಕೋಲ್ ಡಬ್ಬಿಯಲ್ಲಿ ಲೈಸೇಟ್ (ಒಡೆದ ಕೋಶದ ರಸ) ಇಟ್ಟುಕೊಂಡು ಹೈದರಾಬಾದಿಗೆ ಹೋದೆ. ಟಿಸಿ ಮೀನು ಅಂದುಕೊಂಡು ಮೂಗು ಮುಚ್ಚಿದ. ಅಲ್ಲಿ ನೋಡಿದರೆ ನನ್ನ ಸ್ಲಾಟ್‌ನ ರೋಟರ್ ಬೇರೆಯವರ ಕೈಯಲ್ಲಿ. ಡ್ರೈ ಐಸ್, ಲಾಡ್ಜು, ಆಟೋ ಎಲ್ಲ ಸೇರಿ 9,000 ಹೋಯ್ತು. ಗ್ರಾಫ್‌ನಲ್ಲಿ ಪಾಲಿಸೋಮೇ ಇಲ್ಲ, ಆರ್‌ಎನ್‌ಎ ತುಂಡಾಗಿ ಹಾಳಾಗಿತ್ತು.

ಯಾದಗಿರಿ ಯೀಸ್ಟ್: ಬೆಂಗಳೂರಿಗೆ ಹೋಗಬೇಕಿತ್ತು.

ಗುಲ್ಬರ್ಗ ಗ್ರೇಡಿಯೆಂಟ್: ರಾತ್ರಿಯೆಲ್ಲ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಡ್ರೈ ಐಸ್ ಉಳಿಯುತ್ತಾ? ನೀವು ಹೋಗಿ ಬನ್ನಿ, ಆಮೇಲೆ ಹೇಳಿ.

ಬೀದರ್‌ನವ: ಬೀದರ್‌ನಿಂದ ಹೈದರಾಬಾದ್ ಹತ್ತಿರ, ಸರಿ. ಆದರೆ ಆ ಹಾಲಿನ ಮಾತು ವಾಪಸ್ ತಗೊಳ್ರೀ ಮೊದಲು.

ಪ್ರಶ್ನೆ ಕೇಳಿದವಳು: ಸರ್, ಯೀಸ್ಟೋ ಹೆಕ್ಕೋ?