‘ಇಯರ್‌ಮಾರ್ಕಿಂಗ್’, ‘ಪಿನ್ ಮನಿ’ – ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದಲ್ಲಿ ಬಿ.ಎ. ಓದುವ ಮಕ್ಕಳಿಗೆ ಸಮಾಜಶಾಸ್ತ್ರದ ಟಿಪ್ಪಣಿ ಬರೆಯುತ್ತಿದ್ದೇನೆ. ಎರಡು ಮೂರು ಪದಗಳ ಹತ್ತಿರ ಬಂದು ಗಾಡಿ ನಿಂತಿದೆ. ನಿಮ್ಮ ಸಹಾಯ ಬೇಕು.

ಪಾಠ ವಿವಿಯಾನಾ ಝೆಲೈಜರ್ ಅವರ ಸಂಶೋಧನೆಯದು. ಅರ್ಜೆಂಟೀನಾದಲ್ಲಿ ಹುಟ್ಟಿ, ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾಠ ಮಾಡಿದವರು. ನೂರು ರೂಪಾಯಿ ಎಲ್ಲಿದ್ದರೂ ನೂರು ರೂಪಾಯಿಯೇ ಅನ್ನುವ ಮಾತನ್ನು ಅವರು ಒಪ್ಪುವುದಿಲ್ಲ. 1870ರಿಂದ 1930ರವರೆಗಿನ ಅಮೆರಿಕದ ಮನೆಗಳ ಲೆಕ್ಕಾಚಾರ ಕೆದಕಿ 1994ರಲ್ಲಿ ಪುಸ್ತಕ ಬರೆದರು. ದುಡ್ಡು ಎಲ್ಲಿಂದ ಬಂತು, ಯಾರ ಕೈಗೆ ಬಂತು, ಯಾತಕ್ಕೆ ಅಂತ ನೋಡಿ ಜನ ಅದನ್ನು ಬೇರೆ ಬೇರೆ ಮಾಡಿಡುತ್ತಾರೆ ಅನ್ನುವುದು ಅವರ ವಾದ. ಹಾಗೆ ಬೇರೆ ಮಾಡಿಡುವುದಕ್ಕೆ ಅವರು ಬಳಸುವ ಪದ ಇಯರ್‌ಮಾರ್ಕಿಂಗ್.

ಇದನ್ನು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಶಿಡ್ಲಘಟ್ಟದ ಕಡೆಯ ಮನೆಗಳಲ್ಲಿ ರೇಷ್ಮೆಗೂಡಿನ ದುಡ್ಡೇ ಬೇರೆ, ಹಾಲಿನ ದುಡ್ಡೇ ಬೇರೆ. ಗೂಡು ಮಾರ್ಕೆಟ್ಟಿಗೆ ಹೋದರೆ ಒಂದೇ ಸಲಕ್ಕೆ ದೊಡ್ಡ ಮೊತ್ತ. ಅದು ಸಾಲಕ್ಕೆ, ಬೋರ್‌ವೆಲ್ಲಿಗೆ, ಮದುವೆಗೆ. ಡೇರಿ ಬಟವಾಡೆ ಬಂದರೆ ಅದು ದಿನಸಿಗೆ, ಬಸ್ ಪಾಸಿಗೆ, ಸಂಘದ ಕಂತಿಗೆ. ಕ್ಲಾಸಿನಲ್ಲಿ ಒಬ್ಬ ಹುಡುಗಿ ಥಟ್ಟಂತ ಹೇಳಿದಳು, “ಸಾರ್, ಹಾಲಿನ ದುಡ್ಡು ಅಮ್ಮಂದು. ಆದ್ರೆ ಪಾಸ್‌ಬುಕ್ ಅಪ್ಪಂದು.” ಡೇರಿಯ ಸದಸ್ಯತ್ವ ಅಪ್ಪನ ಹೆಸರಲ್ಲಿದೆಯಂತೆ. ನನ್ನ ಅರ್ಧ ಪಾಠ ಅಲ್ಲೇ ಮುಗಿಯಿತು.

ಸರಿ, ಇದಕ್ಕೆ ಕನ್ನಡ ಪದ? ‘ಮೀಸಲು’ ಅನ್ನೋಣ ಅಂದರೆ ಕೇಳಿದವರಿಗೆ ಮೊದಲು ನೆನಪಾಗುವುದು ನೌಕರಿ, ಸೀಟು. ದೇವರಿಗೆಂದು ಎತ್ತಿಟ್ಟದ್ದು ಅನ್ನುವ ಹಳೆಯ ಅರ್ಥ ಇದ್ದರೂ ಈಗಿನ ಮಕ್ಕಳಿಗೆ ಅದು ಹೊಳೆಯುವುದಿಲ್ಲ. ‘ವಿನಿಯೋಗ ನಿಗದಿ’ ಅಂತ ಒಂದು ಕಡೆ ನೋಡಿದೆ. ಅದು ಖಜಾನೆ ಕಚೇರಿಯ ಮಾತು, ಅಡುಗೆಮನೆಗೆ ಬರುವುದಿಲ್ಲ.

ನನಗೆ ಇಷ್ಟವಾಗಿರುವುದು ‘ಮುಡಿಪು’. ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂದರೆ ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ತಿರುಪತಿ ತಿಮ್ಮಪ್ಪನಿಗೆ ಅಂತ ಎತ್ತಿಡುತ್ತಾರಲ್ಲ, ಅದೇ. ಆಮೇಲೆ ಎಷ್ಟೇ ಮುಗ್ಗಟ್ಟು ಬಂದರೂ ಆ ಗಂಟು ಬಿಚ್ಚುವಂತಿಲ್ಲ. ಅದೂ ದುಡ್ಡೇ, ಆದರೆ ಅಂಗಡಿಗೆ ಹೋಗುವ ದುಡ್ಡಲ್ಲ. ಝೆಲೈಜರ್ ಹೇಳುವುದೂ ಇದನ್ನೇ ಅಲ್ವಾ? ‘ಮುಡಿಪಾಗಿಡು’ ಅಂತ ಕ್ರಿಯಾಪದವೂ ಸಲೀಸಾಗಿ ಆಗುತ್ತದೆ. ಒಂದೇ ತೊಡಕು. ಬಾಗೇಪಲ್ಲಿ, ಚಿಂತಾಮಣಿ ಕಡೆಯ ಮಕ್ಕಳು ತೆಲುಗು ಪೇಪರನ್ನೂ ಓದುತ್ತಾರೆ. ಅಲ್ಲಿ ‘ಮುಡುಪುಲು’ ಅಂದರೆ ಈಗ ಲಂಚ! ದೇವರ ಗಂಟು ಅಧಿಕಾರಿಯ ಗಂಟಾಗಿದೆ.

ಎರಡನೆಯದು ‘ಪಿನ್ ಮನಿ’. ಹೆಂಡತಿಯ ಬಟ್ಟೆಬರೆ, ಸಣ್ಣಪುಟ್ಟ ಖರ್ಚಿಗೆ ಗಂಡ ಕೊಡುತ್ತಿದ್ದ ಹಣ ಇದು. ಬರಬರುತ್ತಾ ಹೆಂಗಸು ತಾನೇ ದುಡಿದದ್ದನ್ನೂ ‘ಅಯ್ಯೋ ಪಿನ್ ಮನಿ’ ಅಂತ ತಳ್ಳಿಹಾಕುವ ಮಾತಾಯಿತು. ‘ಕೈಖರ್ಚು’ ಅಂದರೆ ಹಾಸ್ಟೆಲಿನ ಹುಡುಗನದೂ ಕೈಖರ್ಚೇ. ‘ಸಾಸಿವೆ ಡಬ್ಬಿ ದುಡ್ಡು’ ಚೆನ್ನಾಗಿದೆ, ಆದರೆ ಅದು ಇಟ್ಟ ಜಾಗ ಹೇಳುತ್ತದೆ, ಎಲ್ಲಿಂದ ಬಂತು ಅಂತ ಹೇಳುವುದಿಲ್ಲ. ‘ಕದ್ದಿಟ್ಟ ದುಡ್ಡು’ ಮಾತ್ರ ಬೇಡ. ತಾನೇ ಬಿಗಿಹಿಡಿದು ಉಳಿಸಿದ್ದನ್ನು ಕದ್ದದ್ದು ಅನ್ನುವುದು ಯಾವ ನ್ಯಾಯ?

ಆದರೆ ಕೋರ್ಟುಗಳೂ ಸುಮಾರಾಗಿ ಹಾಗೇ ಅಂದಿದ್ದವು. 1943ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ಹೆಂಗಸು ಮನೆಖರ್ಚಿನ ದುಡ್ಡಲ್ಲಿ ಮಿಗಿಸಿ ಸಹಕಾರ ಸಂಘದಲ್ಲಿ 103 ಪೌಂಡು 10 ಶಿಲ್ಲಿಂಗ್ ಕೂಡಿಟ್ಟಿದ್ದರು. ಅದು ಗಂಡನದೇ ಅಂತ ತೀರ್ಪು ಬಂತು. 1964ರಲ್ಲಿ ಕಾಯಿದೆ ಬಂದು, ಬೇರೆ ಒಪ್ಪಂದ ಇಲ್ಲದಿದ್ದರೆ ಇಂಥ ಉಳಿತಾಯ ಇಬ್ಬರಿಗೂ ಸಮಪಾಲು ಅಂತಾಯಿತು. ಇಂಥ ದುಡ್ಡಿಗೆ ‘ಮಿಗಿಸಿದ ದುಡ್ಡು’ ಅಂದರೆ ಹೇಗೆ? ಮಿಗಿಸಿದವರು ಯಾರು ಅನ್ನುವ ಪ್ರಶ್ನೆಯಾದರೂ ಅದರಲ್ಲಿ ಉಳಿಯುತ್ತದೆ.

ಕೊನೆಯದು ಸ್ವಲ್ಪ ಕಷ್ಟದ್ದು. ಬ್ರಿಟನ್ನಿನ ಜ್ಯಾನ್ ಪಾಲ್ (Jan Pahl) ಅನ್ನುವ ಸಂಶೋಧಕಿ ಮನೆಯ ಹಣದಲ್ಲಿ ಎರಡು ಕೆಲಸ ಬೇರೆ ಮಾಡಿ ನೋಡಿದರು. ದುಡ್ಡನ್ನು ಹೇಗೆ ಹಂಚಬೇಕು ಅಂತ ತೀರ್ಮಾನ ಮಾಡುವುದು ಒಂದು. ಕೊಟ್ಟಷ್ಟರಲ್ಲಿ ತಿಂಗಳು ದೂಡುವುದು ಇನ್ನೊಂದು. ಎರಡನೆಯದಕ್ಕೆ ‘ಸಂಭಾಳಿಸುವುದು’ ಸಾಕು. ಮೊದಲನೆಯದಕ್ಕೆ ‘ಯಜಮಾನಿಕೆ’ ಅಂತ ಬರೆದು ನಿಲ್ಲಿಸಿದ್ದೇನೆ. ‘ನಮ್ಮ ಯಜಮಾನ್ರು’ ಅಂದರೆ ಗಂಡ, ಹಾಗಾಗಿ ಪದದೊಳಗೇ ಗಂಡ ಕೂತಿದ್ದಾನೆ. ಇತ್ತ 2023ರಿಂದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬರುವುದು ‘ಮನೆ ಯಜಮಾನಿ’ಯ ಖಾತೆಗೆ. ಆ ಯಜಮಾನಿಗೆ ಯಜಮಾನಿಕೆ ಇದೆಯೋ, ಬರೀ ಸಂಭಾಳಿಸುವ ಕೆಲಸವೋ? ಪರೀಕ್ಷೆಗೆ ಒಳ್ಳೆಯ ಪ್ರಶ್ನೆ. ಆದರೆ ಟಿಪ್ಪಣಿಯಲ್ಲಿ ಪದ ಗೊಂದಲ ಮಾಡಬಾರದು. ‘ಹಿಡಿತ’ ಅನ್ನಬಹುದೇ?

ಪಾವಗಡ, ಮಧುಗಿರಿ, ಮುಳಬಾಗಿಲು ಕಡೆಯವರು ನಿಮ್ಮ ಮನೆಗಳಲ್ಲಿ ಹೆಂಗಸರು ಬೇರೆ ಎತ್ತಿಡುವ ದುಡ್ಡಿಗೆ ಏನನ್ನುತ್ತಾರೆ ಅಂತ ದಯವಿಟ್ಟು ತಿಳಿಸಿ. ನಿಘಂಟಿನ ಪದ ಬೇಡ, ಅವರು ಆಡುವ ಮಾತೇ ಬೇಕು.