ಇಂಜೆಕ್ಷನ್ 14 ದಿನದಿಂದ 21 ದಿನಕ್ಕೆ: ಯಾರಾದರೂ ಮಾಡಿದ್ದೀರಾ?

ವಿಜಯನಗರದ ಟೈಲರಮ್ಮ

ನನಗೆ ರುಮಟಾಯ್ಡ್ ಆರ್ಥ್ರೈಟಿಸ್, ಕೀಲುಗಳು ಊದುವ ಸಂಧಿವಾತ. ಬ್ಲೌಸ್ ಹೊಲಿಯುತ್ತೇನೆ, ಹಾಗಾಗಿ ಬೆರಳೇ ನನ್ನ ಬಂಡವಾಳ. ಈ ಕಾಯಿಲೆಗೆ ಮೊದಲು ಕೊಡುವ ಮೆಥೋಟ್ರೆಕ್ಸೇಟ್ ಒಂದಕ್ಕೇ ಊತ ಬಗ್ಗಲಿಲ್ಲ ಅಂತ ಅಡಲಿಮುಮ್ಯಾಬ್ ಇಂಜೆಕ್ಷನ್ ಶುರು ಮಾಡಿದರು. ನಮ್ಮ ದೇಶದಲ್ಲೇ ತಯಾರಾಗುವ ಬಯೋಸಿಮಿಲರ್, ಅಂದರೆ ಮೂಲ ಔಷಧಿಯನ್ನೇ ಹೋಲುವಂಥದ್ದು. 14 ದಿನಕ್ಕೊಮ್ಮೆ 40 ಮಿ.ಗ್ರಾಂ, ಹೊಟ್ಟೆಯ ಪಕ್ಕ ನಾನೇ ಚುಚ್ಚಿಕೊಳ್ಳುತ್ತೇನೆ. ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ ಈಗಲೂ ಇದೆ. ಸ್ಟೀರಾಯ್ಡ್ ಯಾವತ್ತೋ ನಿಂತಿದೆ.

ಊತ ಹೋಗಿ ಒಂದು ವರ್ಷದ ಮೇಲಾಯಿತು. ಬೆಳಿಗ್ಗೆ ಎದ್ದವಳೇ ಹುಕ್ಸ್ ಹಾಕಲು ಕೂರುತ್ತೇನೆ. ಉರಿಯೂತ ತೋರಿಸುವ ರಕ್ತಪರೀಕ್ಷೆ ಸಿಆರ್‌ಪಿ ನಾರ್ಮಲ್. ಕಾಯಿಲೆ ಎಷ್ಟು ಚುರುಕಾಗಿದೆ ಅಂತ ಅಳೆಯುವ ಡಿಎಎಸ್ ಸ್ಕೋರ್ 2.6ಕ್ಕಿಂತ ಕೆಳಗಿದೆ, ಅಂದರೆ ಕಾಯಿಲೆ ಹತೋಟಿಯಲ್ಲಿದೆ. ಕಳೆದ ಸಲ ಡಾಕ್ಟರೇ, "21 ದಿನಕ್ಕೊಮ್ಮೆ ಮಾಡಿ ನೋಡೋಣವಾ? ಯೋಚನೆ ಮಾಡಿ ಹೇಳಿ" ಅಂದರು. ಸುಳ್ಳು ಯಾಕೆ, ಮೊದಲು ತಲೆಗೆ ಬಂದದ್ದು ದುಡ್ಡು ಉಳಿಯುತ್ತೆ ಅಂತ. ಆಮೇಲೆ ಭಯ ಶುರುವಾಯಿತು.

ಮಳೆಗಾಲದಲ್ಲಿ ಜ್ವರ ಬಂದಿದ್ದಾಗ ಡಾಕ್ಟರ್ ಹೇಳಿ ಒಂದು ಇಂಜೆಕ್ಷನ್ ವಾರ ತಡ ಮಾಡಿದ್ದೆವು. ಆಗ ಏನೂ ಆಗಲಿಲ್ಲ. ಅಂದರೆ ನನಗೆ 21 ದಿನ ಸಾಕು ಅಂತ ತಾನೇ? ನಮ್ಮ ಯಜಮಾನರು ಇನ್ನೂ ಮುಂದೆ ಹೋಗಿ, ಅರ್ಧ ಚುಚ್ಚಿಕೊಂಡು ಇನ್ನರ್ಧ ಫ್ರಿಜ್‌ನಲ್ಲಿ ಇಡು ಅಂತಾರೆ!

ಹೆಸರಘಟ್ಟ ರೋಡ್

ಚೆನ್ನಾಗಿದ್ದೀರಲ್ಲ ಮೇಡಂ, ಸುಮ್ನೆ ಯಾಕೆ ಕೆಣಕುತ್ತೀರಿ? ನನ್ನ ತಮ್ಮನಿಗೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಬೆನ್ನುಮೂಳೆಯ ಸಂಧಿವಾತ. ಈಗ ಆರಾಮಾಗಿದ್ದೀನಿ ಅಂತ ಎಟನರ್ಸೆಪ್ಟ್ (ನಿಮ್ಮದೇ ಜಾತಿಯ ಇಂಜೆಕ್ಷನ್) ನಿಲ್ಲಿಸಿದ. ಕೆಲವೇ ತಿಂಗಳಲ್ಲಿ ಮೆಜೆಸ್ಟಿಕ್ ಮೆಟ್ರೊದಲ್ಲಿ ಮೆಟ್ಟಿಲು ಹತ್ತಲು ಕಂಬಿ ಹಿಡಿಯುವ ಹಾಗಾಯಿತು.

ಮಲ್ಲೇಶ್ವರದ ಲೆಕ್ಕದ ಮೇಷ್ಟ್ರು

ನಿಮ್ಮ ತಮ್ಮ ಮಾಡಿದ್ದು ನಿಲ್ಲಿಸುವುದು. ಇವರು ಕೇಳುತ್ತಿರುವುದು ಅಂತರ ಜಾಸ್ತಿ ಮಾಡುವುದು. ಎರಡೂ ಬೇರೆ ಬೇರೆ. ಪೂರ್ತಿ ನಿಲ್ಲಿಸಿದವರಲ್ಲಿ ಬಹಳ ಜನಕ್ಕೆ ಕಾಯಿಲೆ ಮರುಕಳಿಸುತ್ತದೆ.

ಟೈಲರಮ್ಮ, ನನಗೂ ನಿಮ್ಮದೇ ಕಾಯಿಲೆ, ಅದೇ ಔಷಧಿ. ನಿಮ್ಮ ಜ್ವರದ ಲೆಕ್ಕ ಮಾತ್ರ ತಪ್ಪು. ಅಡಲಿಮುಮ್ಯಾಬ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 2 ವಾರ ಬೇಕು. ತಿಂಗಳುಗಟ್ಟಲೆ ತೆಗೆದುಕೊಂಡವರ ರಕ್ತದಲ್ಲಿ ಹಳೆಯದು ಸಾಕಷ್ಟು ಉಳಿದಿರುತ್ತದೆ. ಒಂದೇ ಒಂದು ಸಲ ತಡವಾದರೆ ಆ ಉಳಿಕೆಯೇ ನಿಮ್ಮನ್ನು ಕಾಯುತ್ತದೆ. ಪ್ರತಿ ಸಲವೂ 21 ದಿನ ಮಾಡಿದರೆ ಮಟ್ಟ ನಿಧಾನವಾಗಿ ಇಳಿದು, ಸರಾಸರಿ ಮೊದಲಿನ ಮೂರರಲ್ಲಿ ಎರಡು ಭಾಗದ ಹತ್ತಿರ ನಿಲ್ಲುತ್ತದೆ. ಅದು ನಿಮಗೆ ಸಾಕಾ ಅನ್ನುವುದು ಎರಡು ಮೂರು ತಿಂಗಳಾದ ಮೇಲೆ ಗೊತ್ತಾಗುತ್ತದೆ, ಮೊದಲ 21 ದಿನಕ್ಕಲ್ಲ. ಆರಂಭದಲ್ಲಿ ಚೆನ್ನಾಗಿದೆ ಅಂತ ಬೀಗಬೇಡಿ.

ನೆದರ್‌ಲ್ಯಾಂಡ್ಸ್‌ನಲ್ಲಿ ಇದನ್ನೇ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದರು. ಡ್ರೆಸ್ ಅಂತ ಆ ಅಧ್ಯಯನದ ಹೆಸರು (ನಿಮ್ಮ ಕಸುಬಿಗೆ ಹೊಂದುತ್ತೆ!). ಅಡಲಿಮುಮ್ಯಾಬ್ ಅಥವಾ ಎಟನರ್ಸೆಪ್ಟ್ ತೆಗೆದುಕೊಳ್ಳುತ್ತಿದ್ದವರಿಗೆ ಮೂರು ತಿಂಗಳಿಗೊಮ್ಮೆ ನೋಡಿ ಅಂತರ ಹೆಚ್ಚಿಸುತ್ತಾ ಹೋದರು. ನಮ್ಮ ಔಷಧಿಗೆ 14, 21, 28, ಕೊನೆಗೆ ನಿಲ್ಲಿಸುವುದು. ಒಂದೂವರೆ ವರ್ಷದ ಹೊತ್ತಿಗೆ 20% ಜನ ಪೂರ್ತಿ ನಿಲ್ಲಿಸಿದ್ದರು. 43% ಕಡಿಮೆ ಡೋಸ್‌ನಲ್ಲಿದ್ದರು. 37% ಜನಕ್ಕೆ ಕಡಿಮೆ ಮಾಡಲು ಆಗಲೇ ಇಲ್ಲ. ಯಾರು ಯಾವ ಗುಂಪು ಅಂತ ಮೊದಲೇ ಹೇಳಲು ಆಗುವುದಿಲ್ಲ. ಚಿಕ್ಕಪುಟ್ಟ ಮರುಕಳಿಕೆ ಡೋಸ್ ಇಳಿಸಿದವರಲ್ಲೇ ಜಾಸ್ತಿ. ದೀರ್ಘಕಾಲ ಕಾಡಿದ್ದು ಮಾತ್ರ ಇಳಿಸಿದವರು, ಇಳಿಸದವರು ಎರಡೂ ಕಡೆ ಹೆಚ್ಚುಕಡಿಮೆ ಒಂದೇ.

ನಾನು 21ರಲ್ಲಿ ಆರಾಮಾಗಿದ್ದೆ. 28ಕ್ಕೆ ಹೋದಾಗ ಬಲಗೈ ಮಣಿಕಟ್ಟು ಊದಿತು, ಬೋರ್ಡ್ ಮೇಲೆ ಬರೆಯಲು ಆಗದಷ್ಟು. ಹಾಗಾದರೆ 21ಕ್ಕೆ ಮರಳುವುದು ಅಂತ ಡಾಕ್ಟರ್ ಜೊತೆ ಮೊದಲೇ ಮಾತಾಗಿತ್ತು, ಹಾಗಾಗಿ ಪರದಾಟ ಇರಲಿಲ್ಲ. ಊತ ಇಳಿಯಿತು. ಈಗಲೂ 21ರಲ್ಲೇ ಇದ್ದೇನೆ. ನೀವೂ 'ಒಪ್ಪಿಗೆ' ಅನ್ನುವ ಮೊದಲು ಇದನ್ನೇ ಕೇಳಿ: ಊದಿದರೆ ಯಾರಿಗೆ ಫೋನ್ ಮಾಡಲಿ, ಎಷ್ಟು ಬೇಗ ನೋಡುತ್ತೀರಿ, ಹಳೆ ಡೋಸ್‌ಗೆ ಯಾವಾಗ ಮರಳೋಣ? ಇದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ 14ರಲ್ಲೇ ಇರಿ.

ಯಜಮಾನರಿಗೆ ನಮಸ್ಕಾರ ಹೇಳಿ. ಆ ಸಿರಿಂಜ್ ಒಂದೇ ಸಲದ್ದು. ಔಷಧಿ ಕೆಡದಂತೆ ಕಾಯುವ ಪದಾರ್ಥ ಅದರಲ್ಲಿ ಇರುವುದಿಲ್ಲ. ಅರ್ಧ ಉಳಿಸಿಟ್ಟರೆ ಸೋಂಕಿಗೆ ದಾರಿ.

ವಿಜಯನಗರದ ಟೈಲರಮ್ಮ

ಯಜಮಾನರು ಓದಿದರು, ಮಾತಿಲ್ಲ! ಆಷಾಢದಲ್ಲಿ ಶುರು ಮಾಡೋಣ ಅಂದುಕೊಂಡಿದ್ದೆ, ಮದುವೆ ಇಲ್ಲ, ಆರ್ಡರ್ ಕಮ್ಮಿ ಅಂತ. ನಿಮ್ಮ ಎರಡು ಮೂರು ತಿಂಗಳ ಲೆಕ್ಕದ ಪ್ರಕಾರ ಊದಿದರೆ ಸರಿಯಾಗಿ ಗೌರಿ-ಗಣೇಶ, ದಸರಾ ಹಬ್ಬದ ರಶ್‌ನಲ್ಲಿ ಊದುತ್ತೆ. ದೀಪಾವಳಿ ಕಳೆದು ಶುರು ಮಾಡಿದರೆ ಧನುರ್ಮಾಸದ ಹೊತ್ತಿಗೆ ಗೊತ್ತಾಗುತ್ತೆ ಅಲ್ವಾ? ಅದೇ ಜೊತೆಗೆ ಮೆಥೋಟ್ರೆಕ್ಸೇಟೂ ಇಳಿಸಿಬಿಡಬಹುದಾ?

ಮಲ್ಲೇಶ್ವರದ ಲೆಕ್ಕದ ಮೇಷ್ಟ್ರು

ಎರಡನ್ನೂ ಒಟ್ಟಿಗೆ ಬೇಡ. ಊದಿದರೆ ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಜೊತೆಗೆ, ಅಡಲಿಮುಮ್ಯಾಬ್ ವಿರುದ್ಧ ದೇಹ ಅದರ ಶಕ್ತಿ ಕುಂದಿಸುವ ಪ್ರತಿಕಾಯ ಬೆಳೆಸಿಕೊಳ್ಳುವುದನ್ನು ಮೆಥೋಟ್ರೆಕ್ಸೇಟ್ ಕಡಿಮೆ ಮಾಡುತ್ತದೆ.

ಧನುರ್ಮಾಸ ಒಳ್ಳೆಯ ಲೆಕ್ಕ. ಡಾಕ್ಟರ್‌ಗೂ ಇದನ್ನೇ ಹೇಳಿ. ಬೆಂಗಳೂರಿನ ಆ ಚಳಿಗೆ ಬೆಳಿಗ್ಗೆ ಎಲ್ಲರ ಕೈಯೂ ಸೆಟೆಯುತ್ತದೆ, ಅದಕ್ಕೆ ಹೆದರಬೇಡಿ. ದಿನವಿಡೀ ಹೊಲಿದು ಸಂಜೆ ನೋವು ಬಂದರೆ ಅದೂ ಬೇರೆ. ಗೆಣ್ಣು ಊದಿ ಬಿಸಿಯಾಗಿದ್ದರೆ, ಬೆಳಗಿನ ಬಿಗಿತ ಗಂಟೆಗಟ್ಟಲೆ ಬಿಡದಿದ್ದರೆ, ಸಿಆರ್‌ಪಿ ನಾರ್ಮಲ್ ಬಂದರೂ ಹೋಗಿ ತೋರಿಸಿ.