ಟ್ಯಾಂಕ್‌ನ ಗಿಡ ಕರಗುತ್ತಿದೆ, ಸಿಒ2 (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್ ಬೇಕೇ ಬೇಕಾ?

ವಿಜಯನಗರದ ಗಪ್ಪಿ:
ಟೀವಿ ಪಕ್ಕ 2 ಅಡಿ ಮೀನಿನ ಟ್ಯಾಂಕ್ ಇಟ್ಟು 16 ದಿನ ಆಯಿತು. 50 ಲೀಟರ್ ಚಿಲ್ಲರೆ. ತಳಕ್ಕೆ ಬರೀ ಸಣ್ಣ ಕಲ್ಲು, ಒಂದು ಸ್ಪಾಂಜ್ ಫಿಲ್ಟರ್, ಮೇಲೆ ಎಲ್‌ಇಡಿ. ಗಿಡ ಅಂದರೆ ಕ್ರಿಪ್ಟೊಕೋರಿನ್ (ಕ್ರಿಪ್ಟ್) ನಾಲ್ಕು ಬುಡ, ಅನುಬಿಯಾಸ್ ಎರಡು, ಹಿಂದೆ ವ್ಯಾಲಿಸ್ನೇರಿಯಾ. ಎರಡನೇ ದಿನವೇ 6 ಗಪ್ಪಿ ಮೀನು ಬಿಟ್ಟೆ, ಎರಡು ಸತ್ತವು. (ಮಗಳಿಗೆ ಊರಿಗೆ ಹೋಗಿವೆ ಅಂತ ಹೇಳಿದ್ದೇನೆ.)

ಈಗ ಕ್ರಿಪ್ಟ್ ಎಲೆ ಬೆಂದ ಪಾಲಕ್ ಥರ ಕರಗುತ್ತಿದೆ. ಗಾಜಿನ ತುಂಬಾ ಪಾಚಿ. ಲೈಟ್ ಬೆಳಿಗ್ಗೆ 8ಕ್ಕೆ ಹಾಕಿದರೆ ರಾತ್ರಿ 11ಕ್ಕೆ ಆರಿಸುತ್ತೇನೆ. ಅಂಗಡಿಯವರು "ಸಿಒ2 ಸಿಲಿಂಡರ್ ಹಾಕಿ ಸರ್, ಇಲ್ಲಾಂದ್ರೆ ಗಿಡ ನಿಲ್ಲಲ್ಲ" ಅಂತಾರೆ. ಅಷ್ಟು ದುಡ್ಡು ಸುರಿಯುವ ಮನಸ್ಸಿಲ್ಲ. ನೀರು ಒಂದು ದಿನ ಕಾವೇರಿ, ಒಂದು ದಿನ ಬೋರ್.

ಬಾಲ್ಕನಿ ತೋಟ:
ಸಿಲಿಂಡರ್ ಬೇಡವೇ ಬೇಡ. ನಿಮ್ಮ ಮೂರೂ ಗಿಡ ಅದಿಲ್ಲದೆ ಬದುಕುತ್ತವೆ.

ಕ್ರಿಪ್ಟ್ ಜಾಗ ಬದಲಾದರೆ ಎಲೆ ಉದುರಿಸುತ್ತದೆ. ಬೆಳೆಸುವವರು ಎಷ್ಟೋ ಸಲ ಎಲೆ ನೀರಿನ ಮೇಲಿರುವ ಹಾಗೆ ಬೆಳೆಸಿರುತ್ತಾರೆ, ಆ ಎಲೆ ಒಳಗೆ ಬಾಳುವುದಿಲ್ಲ. ಕೊಳೆತದ್ದು ಕತ್ತರಿಸಿ, ಬುಡ ಕೀಳಬೇಡಿ. ನಾನು ಮೊದಲ ಸಲ ಸತ್ತೇ ಹೋಯಿತು ಅಂತ ಕಿತ್ತು ತುಳಸಿ ಕುಂಡಕ್ಕೆ ಎಸೆದೆ. ಆಮೇಲೆ ನೋಡಿದರೆ ಬೇರು ಬೆಳ್ಳಗೆ, ಗಟ್ಟಿಯಾಗಿತ್ತು! ಈಗಲೂ ಹೊಟ್ಟೆ ಉರಿಯುತ್ತದೆ.

ಅನುಬಿಯಾಸ್ ಕಲ್ಲಿನೊಳಗೆ ಹೂತಿದ್ದೀರಾ? ಶುಂಠಿ ಥರ ಅಡ್ಡ ದಂಟು ಇದೆಯಲ್ಲ, ಅದು ಮುಚ್ಚಿದರೆ ಕೊಳೆಯುತ್ತದೆ. ಒಂದು ಕಲ್ಲಿಗೆ ದಾರದಲ್ಲಿ ಕಟ್ಟಿ ಸುಮ್ನೆ ಇಟ್ಟುಬಿಡಿ. ಉಳಿದ ಎರಡಕ್ಕೆ ಬುಡದಲ್ಲಿ ರೂಟ್ ಟ್ಯಾಬ್ (ಬೇರಿಗೆ ಹಾಕುವ ಗೊಬ್ಬರದ ಮಾತ್ರೆ) ಹಾಕಿ, ಬರೀ ಕಲ್ಲಿನಲ್ಲಿ ತಿನ್ನಲು ಏನಿದೆ ಪಾಪ. ಲೈಟ್ 15 ಗಂಟೆ ಅಂದರೆ ಪಾಚಿಗೆ ದಿನಾ ಹಬ್ಬ. 6 ಗಂಟೆ ಸಾಕು, ಟೈಮರ್ ಪ್ಲಗ್ ತಗೊಳ್ಳಿ.

ಉಪ್ಪುನೀರು:
ಮೀನು ಹೋಗಿದ್ದು ಅಮೋನಿಯಾಗೆ ಇರಬೇಕು. ಮೀನಿನ ಗಲೀಜಿನ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯೂರಲು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಹೊಸ ಮೀನು ಬೇಡ, ಊಟ ದಿನಕ್ಕೊಂದು ಚಿಟಿಕೆ. ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ.

ಬೋರ್ ನೀರು ಗಡಸು ಅಂತ ಹೆದರಬೇಡಿ. ಗಪ್ಪಿಗೂ ವ್ಯಾಲಿಸ್ನೇರಿಯಾಗೂ ಅದು ಇಷ್ಟವೇ. ಕಾವೇರಿ ಹಾಕಿದರೆ ಕ್ಲೋರಿನ್ ತೆಗೆಯುವ ಡ್ರಾಪ್ಸ್ ಮರೆಯಬೇಡಿ. ಆ ಬ್ಯಾಕ್ಟೀರಿಯಾ ಹೆಚ್ಚಾಗಿ ಫಿಲ್ಟರ್ ಸ್ಪಾಂಜಿನಲ್ಲೇ ಇರುತ್ತದೆ, ಅದನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಟ್ಯಾಂಕ್‌ನಿಂದ ತೆಗೆದ ನೀರಲ್ಲೇ ಹಿಂಡಿ.

ವಿಜಯನಗರದ ಗಪ್ಪಿ:
ಸ್ಪಾಂಜ್ ನಿನ್ನೆ ತಾನೇ ನಲ್ಲಿ ಕೆಳಗೆ ಉಜ್ಜಿ ಉಜ್ಜಿ ತೊಳೆದೆ. ಮೊದಲೇ ಕೇಳಬೇಕಿತ್ತು.

ಅನುಬಿಯಾಸ್ ಎತ್ತಿ ನೋಡಿದೆ. ಒಂದರ ದಂಟು ಅರ್ಧ ಮೆತ್ತಗಾಗಿ ಚರಂಡಿ ವಾಸನೆ. ಗಟ್ಟಿ ಭಾಗ ಉಳಿಸಿಕೊಂಡು ಕಲ್ಲಿಗೆ ಕಟ್ಟಿದ್ದೇನೆ. ಸಿಕ್ಕಿದ್ದು ಅಮ್ಮ ರವಿಕೆ ಹೊಲಿಯುವ ಕೆಂಪು ದಾರ. ಬಣ್ಣ ಬಿಡಲ್ಲ ಅಲ್ವಾ?